ಆಲ್ಬರ್ಟ್ ಪೈಕ್ ಪ್ರತಿಮೆ: ಪೀಠದ ಮೇಲಿನ ಎಂಟು ಪದಗಳು, ಬಿಟ್ಟುಹೋದ ಕತೆ

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಜುಡಿಷಿಯರಿ ಸ್ಕ್ವೇರ್‌ನಲ್ಲಿ ಒಂದು ಹಳೆಯ ಕಂಚಿನ ಪ್ರತಿಮೆ ಮತ್ತೆ ಎದ್ದು ನಿಂತಿತು. ಐದು ವರ್ಷ ಮುಂಚೆ ಜನ ಅದಕ್ಕೆ ಹಗ್ಗ ಬಿಗಿದು ಎಳೆದು ಕೆಡವಿದ್ದರು, ಬೆಂಕಿ ಹಚ್ಚಿದ್ದರು. ಪ್ರತಿಮೆ ಆಲ್ಬರ್ಟ್ ಪೈಕ್‌ನದು. ವಕೀಲ, ಪತ್ರಕರ್ತ, ಕವಿ, ಸೇನಾಧಿಕಾರಿ, ತಮ್ಮದೇ ಗುಟ್ಟಿನ ಆಚರಣೆಗಳಿರುವ ಹಳೆಯ ಸೋದರ ಸಂಘವಾದ ಫ್ರೀಮೇಸನ್ನರ ದೊಡ್ಡ ನಾಯಕ. ಈತನ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸೈತಾನ, ಮೂರು ಮಹಾಯುದ್ಧಗಳ ಭವಿಷ್ಯ, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್, ಗುಪ್ತ ಸಂಘ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಯಾವುದು ದಾಖಲೆ, ಯಾವುದು ಕಟ್ಟುಕತೆ ಅಂತ ಬಿಡಿಸಿಕೊಳ್ಳುವುದೇ ಕಷ್ಟ. ಮೊದಲಿಂದ ನೋಡೋಣ.

ಪೈಕ್ ಹುಟ್ಟಿದ್ದು 1809ರಲ್ಲಿ, ಬಾಸ್ಟನ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದುವ ಆಸೆ ದುಡ್ಡಿನ ಕಾರಣಕ್ಕೆ ಕೈಗೂಡಲಿಲ್ಲ. ಸ್ವಲ್ಪ ಕಾಲ ಮೇಷ್ಟ್ರಾಗಿದ್ದ. 1831ರಲ್ಲಿ ಪಶ್ಚಿಮದ ಕಡೆ ಹೊರಟು ಸಾಂತಾ ಫೆವರೆಗೂ ಹೋದ, ಕೊನೆಗೆ ಅರ್ಕನ್ಸಾದಲ್ಲಿ ನೆಲೆನಿಂತ. ಅಲ್ಲಿ ಪತ್ರಿಕೆ ನಡೆಸಿದ, ಕಾನೂನು ಕಲಿತು ಹೆಸರುವಾಸಿ ವಕೀಲನಾದ. ಮೆಕ್ಸಿಕೋ ಯುದ್ಧದಲ್ಲಿ ಕುದುರೆ ಪಡೆಯ ಕ್ಯಾಪ್ಟನ್ ಆಗಿ 1847ರ ಬ್ಯುನಾ ವಿಸ್ಟಾ ಕದನದಲ್ಲಿದ್ದ.

ಇಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ನಿಧಾನವಾಗಿ ನೋಡಬೇಕು. ಪ್ರತಿಮೆಯ ಜಗಳದಲ್ಲಿ ತೀರಾ ಕಡಿಮೆ ಕೇಳಿಬರುವುದು ಈ ಭಾಗವೇ.

1830ರ ದಶಕದಲ್ಲಿ ಅಮೆರಿಕ ಸರ್ಕಾರ ಚೆರೋಕಿ, ಕ್ರೀಕ್, ಚೋಕ್ಟಾ, ಚಿಕಸಾ, ಸೆಮಿನೋಲ್ ಎಂಬ ಐದು ಮೂಲನಿವಾಸಿ ಜನಾಂಗಗಳನ್ನು ಅವರ ಊರುಗಳಿಂದ ಎಬ್ಬಿಸಿ, ಈಗಿನ ಓಕ್ಲಹೋಮ ಇರುವ ಕಡೆಗೆ ಅಟ್ಟಿತ್ತು. ದಾರಿಯಲ್ಲೇ ಸಾವಿರಾರು ಜನ ಸತ್ತರು. ಕಳೆದುಕೊಂಡ ನೆಲಕ್ಕೆ ಪರಿಹಾರ ಕೇಳುವ ಹೊತ್ತಿಗೆ ಕ್ರೀಕ್ ಮತ್ತು ಚೋಕ್ಟಾ ಜನರ ಪರವಾಗಿ ವಾಷಿಂಗ್ಟನ್‌ನಲ್ಲಿ ವಾದಿಸಿದವರಲ್ಲಿ ಪೈಕ್ ಒಬ್ಬ. ವರ್ಷಗಟ್ಟಲೆ ಓಡಾಡಿದ. ಆ ಜನ ಅವನನ್ನು ನಂಬಿದ್ದು ಇದೇ ಕಾರಣಕ್ಕೆ. ಅದೇ ಹೊತ್ತಿಗೆ ಅವನು ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವನು. ತನ್ನ ಪಕ್ಷ ಗುಲಾಮಗಿರಿಯನ್ನು ಗಟ್ಟಿಯಾಗಿ ಬೆಂಬಲಿಸಲಿಲ್ಲ ಅಂತ 1856ರಲ್ಲಿ ಅದರ ಸಮಾವೇಶದಿಂದ ಎದ್ದು ಹೋದವನು. ಎರಡೂ ಒಬ್ಬನೇ ಮನುಷ್ಯನ ಕತೆ.

1861ರಲ್ಲಿ ದಕ್ಷಿಣದ ರಾಜ್ಯಗಳು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಿ ಕಾನ್ಫೆಡರಸಿ ಕಟ್ಟಿಕೊಂಡವು. ಮೂಲನಿವಾಸಿಗಳನ್ನು ತಮ್ಮ ಕಡೆಗೆ ಒಲಿಸಿಕೊಳ್ಳಲು ಅವು ಕಳಿಸಿದ್ದು ಪೈಕ್‌ನನ್ನೇ. ಜುಲೈನಿಂದ ಅಕ್ಟೋಬರ್‌ವರೆಗೆ ಅವನು ಒಂದಾದ ಮೇಲೊಂದು ಒಪ್ಪಂದ ಮಾಡಿಸಿದ. ಮೊದಲು ಕ್ರೀಕ್, ಕೊನೆಗೆ ಚೆರೋಕಿ. ಚೆರೋಕಿ ಮುಖ್ಯಸ್ಥ ಜಾನ್ ರಾಸ್‌ಗೆ ಯಾರ ಕಡೆಯೂ ಸೇರುವ ಮನಸ್ಸಿರಲಿಲ್ಲ. ಆದರೆ ಪಕ್ಕದ ಅರ್ಕನ್ಸಾ, ಟೆಕ್ಸಸ್ ಎರಡೂ ದಕ್ಷಿಣದ ಕಡೆ. ಅಮೆರಿಕದ ಸೈನ್ಯ ಅಲ್ಲಿನ ಕೋಟೆಗಳನ್ನು ಬಿಟ್ಟು ಹೋಗಿತ್ತು. ಮೂಲನಿವಾಸಿಗಳಲ್ಲಿ ಅನುಕೂಲಸ್ಥರ ಮನೆಗಳಲ್ಲೂ ಗುಲಾಮರಿದ್ದರು ಅನ್ನುವುದನ್ನೂ ಇಲ್ಲಿ ಮುಚ್ಚಿಡಬಾರದು.

ಒಪ್ಪಂದದ ಮಾತುಗಳು ಚೆನ್ನಾಗೇ ಇದ್ದವು. ವಾಷಿಂಗ್ಟನ್ ಕೊಡಬೇಕಿದ್ದ ವರ್ಷಾಶನವನ್ನು ಕಾನ್ಫೆಡರಸಿ ಕೊಡುತ್ತದೆ. ಅದರ ಸಂಸತ್ತಿನಲ್ಲಿ ಅವರಿಗೆ ಪ್ರತಿನಿಧಿ ಇರುತ್ತಾರೆ. ಒಪ್ಪಿಗೆ ಇಲ್ಲದೆ ಅವರ ಪಡೆಗಳನ್ನು ಅವರ ನೆಲದಿಂದ ಆಚೆಗೆ ಕರೆದೊಯ್ಯುವುದಿಲ್ಲ. ಐದೇ ತಿಂಗಳಲ್ಲಿ, 1862ರ ಮಾರ್ಚ್‌ನಲ್ಲಿ, ಈಗ ಕಾನ್ಫೆಡರಸಿ ಸೈನ್ಯದ ಬ್ರಿಗೇಡಿಯರ್ ಜನರಲ್ ಆಗಿದ್ದ ಪೈಕ್ ಮೇಲಿನಿಂದ ಬಂದ ಆದೇಶದಂತೆ ಚೆರೋಕಿ ಪಡೆಗಳನ್ನು ಕರೆದುಕೊಂಡು ಗಡಿಯಾಚೆ ಅರ್ಕನ್ಸಾದ ಪೀ ರಿಡ್ಜ್‌ಗೆ ಹೋದ. ಅಲ್ಲಿ ದಕ್ಷಿಣದ ಸೈನ್ಯ ಸೋತಿತು. ಸತ್ತ ಕೆಲವು ಸೈನಿಕರ ನೆತ್ತಿಯ ಚರ್ಮ ಸುಲಿದಿದ್ದು ಬಯಲಾಗಿ ದೊಡ್ಡ ಗುಲ್ಲಾಯಿತು. ಪೈಕ್ ಅದನ್ನು ಖಂಡಿಸಿ ಆದೇಶ ಹೊರಡಿಸಿದ, ಆದರೂ ಹೆಸರು ಕೆಟ್ಟಿತು.

ಆಮೇಲೆ ನಡೆದದ್ದು ಇನ್ನೂ ಬೇಸರದ್ದು. ಮೂಲನಿವಾಸಿ ಪಡೆಗಳಿಗೆಂದು ಬರುತ್ತಿದ್ದ ಬಂದೂಕು, ಬಟ್ಟೆ, ದುಡ್ಡು ದಾರಿಯಲ್ಲೇ ಬೇರೆ ಪಡೆಗಳ ಪಾಲಾಯಿತು. ಪೈಕ್ ಪತ್ರದ ಮೇಲೆ ಪತ್ರ ಬರೆದು ಜಗಳವಾಡಿದ. ಜುಲೈನಲ್ಲಿ ರಾಜೀನಾಮೆ ಕೊಟ್ಟ. ಮಾತು ತಪ್ಪಿದ್ದು ಯಾರು ಅಂತ ಬಹಿರಂಗವಾಗಿ ಬರೆದ. ಅದಕ್ಕೆ ತನ್ನದೇ ಸೈನ್ಯದವರಿಂದ ಬಂಧನಕ್ಕೂ ಒಳಗಾದ. ಇಷ್ಟು ಹೊತ್ತಿಗೆ ಒಪ್ಪಂದ ಒಪ್ಪದ ಸಾವಿರಾರು ಕ್ರೀಕ್ ಜನ, ಒಪೋತ್ಲೆಯಹೋಲ ಎಂಬ ಹಿರಿಯನ ಹಿಂದೆ, ಕೊರೆಯುವ ಚಳಿಯಲ್ಲಿ ಕ್ಯಾನ್ಸಸ್‌ಗೆ ಓಡಿಹೋಗಿದ್ದರು. ಹಲವರು ಹಸಿವಿನಿಂದ, ಹಿಮದಿಂದ ಸತ್ತಿದ್ದರು. ಯುದ್ಧ ಮುಗಿದ ಮೇಲೆ 1866ರಲ್ಲಿ ಅಮೆರಿಕ ಸರ್ಕಾರ ಹೊಸ ಒಪ್ಪಂದ ಹೇರಿತು. ದಕ್ಷಿಣದ ಜೊತೆ ಸೇರಿದ್ದಕ್ಕೆ ದಂಡವಾಗಿ ಈ ಐದೂ ಜನಾಂಗಗಳಿಂದ ಮತ್ತಷ್ಟು ನೆಲ ಹೋಯಿತು. ದಕ್ಷಿಣದ ವಿರುದ್ಧ ಹೋರಾಡಿದವರ ನೆಲವೂ ಅದರಲ್ಲಿತ್ತು. ಪೈಕ್‌ಗೆ ಮಾತ್ರ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು.

1868ರಲ್ಲಿ ಅವನು ಮೆಂಫಿಸ್‌ನ ಒಂದು ಪತ್ರಿಕೆಯ ಸಂಪಾದಕ. ಆ ಏಪ್ರಿಲ್‌ನಲ್ಲಿ ಬಂದ ಸಂಪಾದಕೀಯ ಇವತ್ತಿಗೂ ಓದಲು ಸಿಗುತ್ತದೆ. ಕಪ್ಪು ಜನರ ಮತದಾನದ ಹಕ್ಕನ್ನು ವಿರೋಧಿಸುವ ದಕ್ಷಿಣದ ಬಿಳಿಯರೆಲ್ಲ ಒಂದೇ ಸಂಘಟನೆಯಲ್ಲಿ ಸೇರಬೇಕು ಅನ್ನುವುದು ಅದರ ಸಾರ. ಅವನು ಕ್ಲಾನ್‌ನ ಪದಾಧಿಕಾರಿಯಾಗಿದ್ದ ಅನ್ನುವ ಮಾತು ಬಂದಿದ್ದು 20ನೇ ಶತಮಾನದ ಪುಸ್ತಕಗಳಲ್ಲಿ. ಅವನ ಕಾಲದ ದಾಖಲೆ ಅದಕ್ಕಿಲ್ಲ. ಆದರೆ ಅವನ ನಿಲುವು ತಿಳಿಯಲು ಆ ಸಂಪಾದಕೀಯವೇ ಸಾಕು, ಅಲ್ವಾ?

ಪ್ರತಿಮೆ ಬಂದದ್ದು ಇದ್ಯಾವುದಕ್ಕೂ ಅಲ್ಲ, ಫ್ರೀಮೇಸನ್ ಆಗಿದ್ದಕ್ಕೆ. 1850ರಲ್ಲಿ ಲಾಡ್ಜ್ (ಮೇಸನ್ನರ ಸ್ಥಳೀಯ ಶಾಖೆ) ಸೇರಿದ ಪೈಕ್, 1859ರಲ್ಲಿ ಮೇಸನ್ನರ ಒಂದು ಪಂಗಡವಾದ ಸ್ಕಾಟಿಷ್ ರೈಟ್‌ನ ಅಮೆರಿಕದ ದಕ್ಷಿಣ ವಿಭಾಗಕ್ಕೆ ಮುಖ್ಯಸ್ಥನಾದ. 1891ರಲ್ಲಿ ಸಾಯುವವರೆಗೂ, 32 ವರ್ಷ, ಆ ಜಾಗದಲ್ಲೇ ಇದ್ದ. ಅದರ ಆಚರಣೆಗಳನ್ನು ಹೊಸದಾಗಿ ಬರೆದ. ನಾನಾ ಧರ್ಮಗಳನ್ನು ಓದಿದ, ಋಗ್ವೇದದ ದೇವತೆಗಳ ಬಗ್ಗೆಯೂ ಒಂದು ದಪ್ಪ ಪುಸ್ತಕ ಬರೆದಿಟ್ಟ. ಸೈತಾನನ ಕತೆ ಹುಟ್ಟಿದ್ದೂ ಈ ಸಂಘದ ಸುತ್ತಲೇ. ಫ್ರಾನ್ಸ್‌ನ ಲಿಯೋ ತಕ್ಸಿಲ್ ಎಂಬ ಬರಹಗಾರ ಪೈಕ್‌ನನ್ನು ಸೈತಾನ ಪೂಜೆಯ ಗುರು ಮಾಡಿ ಬರೆದ. 1897ರಲ್ಲಿ ಪ್ಯಾರಿಸ್‌ನ ತುಂಬಿದ ಸಭೆಯಲ್ಲಿ, ಎಲ್ಲ ತಾನೇ ಕಟ್ಟಿದ್ದು ಅಂತ ಒಪ್ಪಿಕೊಂಡ. ಪೈಕ್ 1871ರಲ್ಲಿ ಮೂರು ಮಹಾಯುದ್ಧಗಳನ್ನು ಮೊದಲೇ ಹೇಳಿದ್ದ ಅನ್ನುವ ಪತ್ರವೂ ಹಾಗೆಯೇ, ಅಂಥ ಮೂಲ ಪತ್ರ ಎಲ್ಲೂ ಇಲ್ಲ.

1898ರಲ್ಲಿ ಅಮೆರಿಕದ ಸಂಸತ್ತು ಪ್ರತಿಮೆಗೆ ಜಾಗ ಕೊಟ್ಟಿತು, ಖರ್ಚು ಮೇಸನ್ನರದು. ಗುಲಾಮಗಿರಿಯ ವಿರುದ್ಧ ಗೆದ್ದ ಸೈನ್ಯದ ಹಳೆಯ ಯೋಧರು ಆಗಲೇ ತಕರಾರು ತೆಗೆದಿದ್ದರು. ಸಮವಸ್ತ್ರದಲ್ಲಿ ತೋರಿಸುವುದಿಲ್ಲ ಅನ್ನುವ ಭರವಸೆಯ ಮೇಲೆ 1901ರಲ್ಲಿ ಅನಾವರಣ ಆಯಿತು. ಹಾಗಾಗಿ ಪೈಕ್ ಅಲ್ಲಿ ಸಾಮಾನ್ಯ ಉಡುಪಿನಲ್ಲಿ ಪುಸ್ತಕ ಹಿಡಿದು ನಿಂತಿದ್ದಾನೆ. ಪೀಠದ ಮೇಲೆ ಎಂಟು ಪದಗಳಿವೆ: ಲೇಖಕ, ಕವಿ, ವಿದ್ವಾಂಸ, ಸೈನಿಕ, ದಾನಿ, ತತ್ವಜ್ಞಾನಿ, ನ್ಯಾಯವಾದಿ, ವಾಗ್ಮಿ. ಯಾವ ಸೈನ್ಯದ ಸೈನಿಕ ಅನ್ನುವುದನ್ನು ಪೀಠ ಹೇಳುವುದಿಲ್ಲ. ಆ ಒಂದು ಪದದ ಹಿಂದೆ ಎಷ್ಟು ಜನರ ಬದುಕಿದೆ ಅನ್ನುವುದು ನನ್ನನ್ನು ಜಾಸ್ತಿ ಕಾಡುತ್ತದೆ.

1992ರಲ್ಲಿ ನಗರ ಸಭೆಯೇ ಪ್ರತಿಮೆ ತೆಗೆಯಿರಿ ಅಂತ ಕೇಳಿತು. 2017ರಲ್ಲಿ ಬೇಡಿಕೆ ಮತ್ತೆ ಎದ್ದಿತು. ಜಾಗ ಕೇಂದ್ರ ಸರ್ಕಾರದ್ದು, ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್ ಸರ್ವಿಸ್. ವಾಷಿಂಗ್ಟನ್ ಜನರು ಆರಿಸಿ ಕಳಿಸುವ ಪ್ರತಿನಿಧಿಗೆ ಸಂಸತ್ತಿನ ಸದನದಲ್ಲಿ ಮಸೂದೆಯ ಮೇಲೆ ಮತ ಹಾಕುವ ಹಕ್ಕೇ ಇಲ್ಲ. ಕೇಳುವವರು ಕೇಳುತ್ತಲೇ ಇದ್ದರು, ಏನೂ ಆಗಲಿಲ್ಲ. 2020ರ ಜೂನ್ 19ರ ರಾತ್ರಿ ಜನ ತಾವೇ ಕೆಡವಿದರು. ಆಡಳಿತ ಬದಲಾದ ಮೇಲೆ 2025ರಲ್ಲಿ ರಿಪೇರಿ ಮಾಡಿ ವಾಪಸ್ ನಿಲ್ಲಿಸಲಾಯಿತು.

ಪೈಕ್ ಬೀಳುವ ಆರು ದಿನ ಮುಂಚೆ, ಜೂನ್ 13ರಂದು, ಓಕ್ಲಹೋಮದ ತಾಲೆಕ್ವಾದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅದು ಚೆರೋಕಿ ಜನರ ರಾಜಧಾನಿ. ಅವರ ಹಳೆಯ ಆಡಳಿತ ಭವನದ ಅಂಗಳದಲ್ಲಿ, ಸುಮಾರು ನೂರು ವರ್ಷದ ಹಿಂದೆ ಹೊರಗಿನ ಸಂಘದವರು ನೆಟ್ಟಿದ್ದ ಕಾನ್ಫೆಡರಸಿಯ ಎರಡು ಸ್ಮಾರಕಗಳಿದ್ದವು. ಒಂದು, ಪೀ ರಿಡ್ಜ್‌ನಲ್ಲಿ ಪೈಕ್‌ನ ಕೈಕೆಳಗೆ ಕಾದಾಡಿದ ಚೆರೋಕಿ ನಾಯಕ ಸ್ಟ್ಯಾಂಡ್ ವಾಟಿಯ ನೆನಪಿನದು. ಚೆರೋಕಿ ಸರ್ಕಾರ ತಾನೇ ತೀರ್ಮಾನ ಮಾಡಿ, ಎರಡನ್ನೂ ಅಲ್ಲಿಂದ ಎತ್ತಿಸಿತು.