ಹಳೇ ಕಾರ್ಖಾನೆ ಜಾಗಕ್ಕೆ ಮುರುಮ ಹಾಕಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಬೀದರ್. ಊರ ಹೊರಗೆ ಮುಚ್ಚಿಹೋದ ಒಂದು ಕಾರ್ಖಾನೆಯ ಜಾಗವನ್ನು ಪ್ಲಾಟ್ ಮಾಡಿ ಮಾರುತ್ತಿದ್ದಾರೆ. ರೇಟು ಕಡಿಮೆ. ಅಲ್ಲಿ ಮೊದಲು ಕಲ್ಲಿದ್ದಲಿನಿಂದ ಗ್ಯಾಸ್ ಮಾಡಿ ಭಟ್ಟಿ ಉರಿಸುತ್ತಿದ್ದರಂತೆ. ಪಕ್ಕದ ಪ್ಲಾಟಿನವರು ಪಾಯಾ ತೋಡಿದಾಗ ಕರ್ರಗಿನ ಅಂಟು ಬಂತು, ಡಾಂಬರ್ ಗುಳಿಗೆ ವಾಸನೆ. ‘ಎರಡು ಅಡಿ ಮುರುಮ ಹಾಕಿಸಿ ಕೊಡ್ತೀವಿ, ಏನೂ ಆಗಲ್ಲ’ ಅಂತಾರೆ. ಅಷ್ಟು ಸಾಕಾ ಸರ್?

ಉತ್ತರ: ಸಾಕಾಗುವುದಿಲ್ಲ. ಮೇಲೆ ಮಣ್ಣು ಮುಚ್ಚುವುದು ತಪ್ಪು ಅಂತಲ್ಲ, ಎಷ್ಟೋ ಕಡೆ ಅದನ್ನೇ ಮಾಡಿದ್ದಾರೆ. ಆದರೆ ಅದು ಕೊನೆಗೆ ಮಾಡುವ ಕೆಲಸ. ಕೆಳಗೆ ಏನಿದೆ, ಎಷ್ಟು ಆಳಕ್ಕೆ ಇಳಿದಿದೆ, ನೀರಿಗೆ ಮುಟ್ಟಿದೆಯಾ ಅಂತ ನೋಡದೆ ಟಿಪ್ಪರ್ ಕರೆಸಿದರೆ ವಾಸನೆ ಮುಚ್ಚುತ್ತದೆ, ಅಷ್ಟೇ. ಮಾರುವವರಿಗೆ ಬೇಕಾಗಿರುವುದೂ ಬಹುಶಃ ಅಷ್ಟೇ.

ಇಂಥ ನೆಲದ ಬಗ್ಗೆ ಜಗತ್ತು ಪಾಠ ಕಲಿತದ್ದು ಹಳೇ ಗ್ಯಾಸ್ ಕಾರ್ಖಾನೆಗಳಲ್ಲಿ. ಕರೆಂಟು ಬರುವ ಮೊದಲು ದೊಡ್ಡ ನಗರಗಳ ಬೀದಿದೀಪ ಉರಿಯುತ್ತಿದ್ದದ್ದು ಕಲ್ಲಿದ್ದಲ ಗ್ಯಾಸಿನಿಂದ. ಲಂಡನ್ನಿನಲ್ಲಿ 1812ರಲ್ಲೇ ಇದಕ್ಕೊಂದು ಕಂಪನಿ ಹುಟ್ಟಿತು. ಕೋಲ್ಕತ್ತದ ಬೀದಿಗೆ 1857ರಲ್ಲಿ, ಮುಂಬೈಗೆ 1865ರಲ್ಲಿ ಗ್ಯಾಸ್ ದೀಪ ಬಂತು. ಲಂಡನ್ನಿನ ಓವಲ್ ಮೈದಾನದಲ್ಲಿ ಮ್ಯಾಚ್ ನೋಡುವಾಗ ಹಿಂದೆ ಕಾಣುವ ದುಂಡನೆಯ ಕಬ್ಬಿಣದ ಚೌಕಟ್ಟುಗಳು ಇವೆಯಲ್ಲ, ಅವು ಆ ಕಾಲದ ಗ್ಯಾಸ್ ಟ್ಯಾಂಕುಗಳು.

ಕಲ್ಲಿದ್ದಲನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಗ್ಯಾಸ್ ಬರುತ್ತದೆ, ಹಿಂದೆ ಕೋಕ್ ಅನ್ನುವ ಗಟ್ಟಿ ಇದ್ದಿಲು ಉಳಿಯುತ್ತದೆ. ಗ್ಯಾಸ್ ತಣ್ಣಗಾದಾಗ ಕರೀ ಟಾರು ಇಳಿಯುತ್ತದೆ. ನಿಮ್ಮಲ್ಲಿದ್ದಂಥ ಭಟ್ಟಿಯ ಗ್ಯಾಸಿಫೈಯರಿನಲ್ಲಿ, ಅಂದರೆ ಕಲ್ಲಿದ್ದಲಿನಿಂದ ಗ್ಯಾಸ್ ಮಾಡುವ ಯಂತ್ರದಲ್ಲಿ, ಸ್ವಲ್ಪ ಗಾಳಿ, ಹಬೆ ಬಿಡುತ್ತಾರೆ. ಅಲ್ಲೂ ಟಾರು ತಪ್ಪುವುದಿಲ್ಲ. ಗುಜರಾತಿನ ಮೊರ್ಬಿಯ ಟೈಲ್ಸ್ ಕಾರ್ಖಾನೆಗಳಲ್ಲಿ ಇಂಥ ಗ್ಯಾಸಿಫೈಯರುಗಳನ್ನು ನಿಲ್ಲಿಸಿ ಅಂತ 2019ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು.

ನಿಮ್ಮ ಪಕ್ಕದವರ ಮೂಗಿಗೆ ಬಡಿದದ್ದು ಹೆಚ್ಚಾಗಿ ನ್ಯಾಫ್ತಲೀನ್. ಟ್ರಂಕಿನಲ್ಲಿ ಬಟ್ಟೆ ನಡುವೆ ಇಡುವ ಗುಳಿಗೆಯದೇ ವಾಸನೆ ಅದು, ಟಾರಿನಲ್ಲಿ ಅದು ಜಾಸ್ತಿ. ಅದರ ಜೊತೆ ಬೆಂಜೀನ್ ಇರುತ್ತದೆ, ಫಿನಾಲ್ ಇರುತ್ತದೆ, ಬೆಂಜೊಪೈರೀನ್‌ನಂಥ ಕ್ಯಾನ್ಸರ್ ತರುವ ವಸ್ತುಗಳೂ ಇರುತ್ತವೆ. ಈಗ ರಸ್ತೆಗೆ ಹಾಕುವ ಡಾಂಬರು ಪೆಟ್ರೋಲಿಯಮ್ಮಿನಿಂದ ಬಂದದ್ದು, ಇದು ಅದಲ್ಲ. ಹಾಗಾಗಿ ‘ರೋಡಿಗೆ ಹಾಕೋ ಡಾಂಬರೇ ಅಲ್ವಾ’ ಅಂತ ಯಾರಾದರೂ ಅಂದರೆ ತಲೆಯಾಡಿಸಬೇಡಿ. ನೀಲಿ ಬಣ್ಣದ ಮಣ್ಣು ಕಂಡರೂ ಎಚ್ಚರ. ಗ್ಯಾಸ್ ಸ್ವಚ್ಛ ಮಾಡಲು ಬಳಸಿದ ಕಬ್ಬಿಣದ ಪುಡಿ ಸೈನೈಡನ್ನು ಹೀರಿಕೊಂಡು ನೀಲಿಯಾಗುತ್ತದೆ. ಹಳೇ ಗ್ಯಾಸ್ ಕಾರ್ಖಾನೆಗಳವರು ಅದನ್ನು ಅಲ್ಲೇ ಹಿತ್ತಲಲ್ಲಿ ಸುರಿಯುತ್ತಿದ್ದರು.

ಈಗ ನಮ್ಮ ನೆಲದ ವಿಷಯ. ಕಲ್ಲಿದ್ದಲ ಟಾರು ನೀರಿಗಿಂತ ಭಾರ. ಎಣ್ಣೆಯ ಹಾಗೆ ನೀರಿನ ಮೇಲೆ ತೇಲುವುದಿಲ್ಲ, ನೀರನ್ನೂ ದಾಟಿ ಕೆಳಗಿಳಿಯುತ್ತದೆ. ಗಟ್ಟಿ ಪದರ ಸಿಕ್ಕಿದ ಮೇಲೆ ಅಲ್ಲಿ ನಿಂತು, ಆ ಪದರದ ಇಳಿಜಾರು ಹಿಡಿದು ಹರಿಯುತ್ತದೆ. ಬೀದರಿನಲ್ಲಿ ಮೇಲೆ ತೂತು ತೂತಿನ ಕೆಂಪು ಜಂಬಿಟ್ಟಿಗೆ ಕಲ್ಲು, ಅದರಡಿ ಕರೀಕಲ್ಲು. ಮಳೆ ನೀರು ಕೆಂಪು ಕಲ್ಲಿನಲ್ಲಿ ಇಳಿದು ಇವೆರಡರ ನಡುವೆ ನಿಲ್ಲುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ತೋಡಿ ನೀರು ಹರಿಸಿದ್ದು ಈ ನೆಲದ ಗುಣ ಗೊತ್ತಿದ್ದೇ. ನೀರಿಗೆ ದಾರಿ ಕೊಡುವ ನೆಲ ಟಾರಿಗೂ ದಾರಿ ಕೊಡುತ್ತದೆ. ಅಂದರೆ ಕೊಳೆ ಇಳಿದು ನಿಲ್ಲುವ ಜಾಗವೂ ನಿಮ್ಮ ಬಾವಿಗೆ ನೀರು ಬರುವ ಜಾಗವೂ ಒಂದೇ ಆಗಬಹುದು. ಮೇಲಿನ ಎರಡು ಅಡಿ ಮುರುಮ ಅಲ್ಲಿ ಏನು ಮಾಡುತ್ತದೆ ಹೇಳಿ? ಮುರುಮದಲ್ಲಿ ಮಳೆ ನೀರು ಸರಾಗ ಇಳಿಯುತ್ತದೆ. ಕರೀ ಮಣ್ಣು ಹಾಕಿಸಿದರೂ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಶಹಾಬಾದ್ ಕಡೆ ಬೇರೆಯೇ ಕಥೆ. ಅಲ್ಲಿ ಪರಸಿ ಕಲ್ಲಿನ ಸಂದುಗಳಲ್ಲಿ ನೀರು ಎತ್ತ ಹೋಗುತ್ತದೆ ಅಂತ ಮೇಲಿನಿಂದ ನೋಡಿ ಹೇಳುವುದು ಕಷ್ಟ.

ಸರಿಯಾಗಿ ಮಾಡುವವರು ಮೊದಲು ಹಳೇ ನಕ್ಷೆ ಹುಡುಕುತ್ತಾರೆ. ಟಾರಿನ ಗುಂಡಿ ಎಲ್ಲಿತ್ತು, ಪೈಪು ಎಲ್ಲಿ ಹೋಗಿತ್ತು ಅಂತ. ಆಮೇಲೆ ಬೋರು ಹಾಕಿ ಬೇರೆ ಬೇರೆ ಆಳದ ಮಣ್ಣು ತೆಗೆಯುತ್ತಾರೆ, ಸುತ್ತ ಸಣ್ಣ ಬಾವಿ ಇಟ್ಟು ನೀರು ನೋಡುತ್ತಾರೆ. ಗುಂಡಿಯಲ್ಲಿ ನಿಂತ ಟಾರನ್ನು ತೆಗೆದು ಸಾಗಿಸುತ್ತಾರೆ. ತೆಗೆಯಲಾಗದ್ದನ್ನು ಸಿಮೆಂಟಿನ ಜೊತೆ ಅಲ್ಲೇ ಕಲಸಿ ಗಟ್ಟಿ ಮಾಡುತ್ತಾರೆ, ಅಥವಾ ಮಣ್ಣನ್ನು ಬಿಸಿ ಮಾಡಿ ವಿಷ ಬಿಡಿಸುತ್ತಾರೆ. ನೀರನ್ನು ಎತ್ತಿ ಶುದ್ಧ ಮಾಡುವ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಎಲ್ಲ ಆದ ಮೇಲೆ ಮಣ್ಣಿನ ಹೊದಿಕೆ.

ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ಮುಚ್ಚಿದ ಗ್ಯಾಸ್ ಕಾರ್ಖಾನೆಯ ಜಾಗವನ್ನು 1975ರಲ್ಲಿ ಪಾರ್ಕ್ ಮಾಡಿದರು. ಮೇಲೆ ಹೊಸ ಮಣ್ಣು, ಹುಲ್ಲು, ಎಲ್ಲ ಚೆಂದ. 1984ರಲ್ಲಿ ಮಣ್ಣಿನಲ್ಲಿ ವಿಷವಸ್ತು ಸಿಕ್ಕಿತು ಅಂತ ಪಾರ್ಕನ್ನು ಕೆಲಕಾಲ ಮುಚ್ಚಬೇಕಾಯಿತು. ಹಾಗಂತ ಸುಮ್ನೆ ಜೆಸಿಬಿ ತಂದು ಅಗೆದರೂ ಕಷ್ಟವೇ. ಲಂಡನ್ನಿನ ಸೌತಾಲ್‌ನಲ್ಲಿ ಹಳೇ ಗ್ಯಾಸ್ ಜಾಗದ ಮಣ್ಣು ತೆಗೆದು ಶುದ್ಧ ಮಾಡುವಾಗ ಸುತ್ತಲಿನ ಜನ ವಾಸನೆಯಿಂದ ರೋಸಿಹೋಗಿ ಬೀದಿಗಿಳಿದಿದ್ದರು.

ನಮ್ಮ ದೇಶದಲ್ಲಿ ಈ ಕೆಲಸ ನಿಧಾನ. ಭೋಪಾಲ್ ದುರಂತ ನಡೆದದ್ದು 1984ರಲ್ಲಿ. ಅಲ್ಲಿನ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷದ ಕಸ ಸಾಗಿಸಿ ಸುಟ್ಟದ್ದು 2025ರಲ್ಲಿ. ನೆಲದೊಳಗಿನದ್ದು ಇನ್ನೂ ಹಾಗೇ ಇದೆ. ಕೆಡಿಸಿದವರೇ ಖರ್ಚು ಕೊಡಬೇಕು ಅಂತ ರಾಜಸ್ಥಾನದ ಬಿಛ್ರಿ ಹಳ್ಳಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಆದರೆ ಕೆಟ್ಟ ನೆಲಕ್ಕೆಂದೇ ಪ್ರತ್ಯೇಕ ನಿಯಮ ಬಂದದ್ದು 2025ರ ಜುಲೈನಲ್ಲಿ. ಆ ನಿಯಮದ ಪ್ರಕಾರ ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಜಿಲ್ಲಾಡಳಿತ ಕೊಡಬೇಕು, 90 ದಿನದೊಳಗೆ ಮೊದಲ ಪರಿಶೀಲನೆ ಆಗಬೇಕು. ಗಣಿ ಜಾಗಗಳು ಇದರಲ್ಲಿ ಬರುವುದಿಲ್ಲ, ನಿಮ್ಮದು ಕಾರ್ಖಾನೆ ಜಾಗ, ಆ ತೊಡಕಿಲ್ಲ. ಹಾಗಾಗಿ ಡಿಸಿ ಕಚೇರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ಮಂಡಳಿ ಕಾರ್ಖಾನೆಗೆ ಕೊಟ್ಟಿದ್ದ ಅನುಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅಲ್ಲಿ ಏನು ತಯಾರಾಗುತ್ತಿತ್ತು, ಯಾವ ಕಸ ಹುಟ್ಟುತ್ತಿತ್ತು ಅಂತ ಅದರಲ್ಲಿ ಬರೆದಿರುತ್ತಾರೆ. ಅದು ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ರೇಟು ಕಡಿಮೆ ಇರುವುದಕ್ಕೆ ಕಾರಣ ಅದೇ ಕಾಗದದಲ್ಲಿ ಇದ್ದೀತು.

ನೀರು ಟೆಸ್ಟ್ ಮಾಡಿಸುವುದಾದರೆ ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಮಾಮೂಲಿ ಟೆಸ್ಟಿನಲ್ಲಿ ಇದು ಗೊತ್ತಾಗುವುದಿಲ್ಲ. ‘ಪಿಎಎಚ್, ಬೆಂಜೀನ್, ಫಿನಾಲ್, ಸೈನೈಡ್ ಬೇಕು’ ಅಂತ ಲ್ಯಾಬಿನವರಿಗೆ ಬಿಡಿಸಿ ಹೇಳಿ. ಪಿಎಎಚ್ ಅಂದರೆ ನ್ಯಾಫ್ತಲೀನ್, ಬೆಂಜೊಪೈರೀನ್ ಸೇರಿದ ಟಾರಿನ ವಸ್ತುಗಳ ಗುಂಪು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ ಪಿಎಎಚ್ 0.0001 ಮಿಲಿಗ್ರಾಂ, ಸೈನೈಡ್ 0.05 ಮಿಲಿಗ್ರಾಂ ಮೀರಬಾರದು. ಕುದಿಸಿ ಕುಡಿದರೆ ಆಯ್ತು ಅಂತ ಅಂದುಕೊಳ್ಳಬೇಡಿ. ಕುದಿಸುವುದು ಕ್ರಿಮಿಗಳಿಗೆ, ಟಾರಿಗಲ್ಲ. ಇನ್ನೊಂದು, ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿಸಿಕೊಂಡು ಹೋಗಬೇಡಿ. ಬೆಂಜೀನ್ ಬೇಗ ಆವಿಯಾಗುತ್ತದೆ. ಲ್ಯಾಬಿನಿಂದಲೇ ಗಾಜಿನ ಸೀಸೆ ಕೇಳಿ ಪಡೆದು, ಒಳಗೆ ಗಾಳಿಗುಳ್ಳೆ ಉಳಿಯದಂತೆ ಬಾಯಿ ತನಕ ತುಂಬಿ, ಐಸ್ ಡಬ್ಬದಲ್ಲಿಟ್ಟು ಅವತ್ತೇ ಕಳಿಸಿ.