ಆಟಗಾರರ ಮಾತು ಮುಗಿದ ಮೇಲೆ ಏನಾಯಿತು?

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ರೋಲ್ ಪ್ಲೇಯಿಂಗ್ ಆಟಗಳನ್ನು ಆಡಿಸುವವರಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. "ಹೇಗೆ ಆಡಿಸ್ತಿದ್ದೀನಿ, ಕೇಳಿ ಹೇಳಿ" ಎಂದು ನನಗೆ ತಮ್ಮ ಆಟದ ರೆಕಾರ್ಡಿಂಗ್ ಕಳಿಸುವ ಗೇಮ್ ಮಾಸ್ಟರ್‌ಗಳು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯನ್ನು ತಪ್ಪದೆ ಕೇಳಿ ಅನ್ನುತ್ತಾರೆ. ಅವರ ವರ್ಣನೆಯೆಲ್ಲ ಅಲ್ಲಿರುತ್ತದೆ: ಮಂಜು ಮುಸುಕಿದ ಊರು, ಕುಸಿದ ಗೋಪುರ, ಛತ್ರದ ಯಜಮಾನನ ಒಡಕು ದನಿ. ಆ ಭಾಗವನ್ನು ನಾನು ಕೊನೆಗೆ ಕೇಳುತ್ತೇನೆ. ಮೊದಲು ಎರಡನೇ ಗಂಟೆಯ ನಡುವಿನಿಂದ ಇಪ್ಪತ್ತು ನಿಮಿಷ ಆರಿಸಿಕೊಂಡು ಪೆನ್ನು ಕಾಗದ ಹಿಡಿದು ಕೂರುತ್ತೇನೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಬರೆದುಕೊಂಡು ಬಂದದ್ದು ಖಾಲಿಯಾಗಿರುತ್ತದೆ, ಆಟಗಾರರು ಯಾರೂ ಎಣಿಸದ ಕಡೆಗೆ ಹೊರಟಿರುತ್ತಾರೆ. ಗೇಮ್ ಮಾಸ್ಟರ್‌ನ ನಿಜವಾದ ಶೈಲಿ ಕಾಣುವುದು ಆಗ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟ 1974ರಲ್ಲಿ ಅಚ್ಚಾದಾಗಿನಿಂದ ಈ ಆಟಗಳ ಮೂಲ ನಡೆ ಹೆಚ್ಚು ಬದಲಾಗಿಲ್ಲ. ಒಬ್ಬರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಹಾಗಾಗಿ ನನ್ನ ಕಾಗದದಲ್ಲಿ ಎರಡೇ ಕಾಲಂ. ಎಡಕ್ಕೆ ಆಟಗಾರರು ಹೇಳಿದ ಕೆಲಸ, ಬಲಕ್ಕೆ ಅದರಿಂದ ಆ ಲೋಕದಲ್ಲಿ ಆದ ಬದಲಾವಣೆ. ಬಲಗಡೆ ಖಾಲಿ ಬಿದ್ದ ಸಾಲುಗಳೇ ನನಗೆ ಬೇಕಾದದ್ದು.

ಒಂದು ಉದಾಹರಣೆ. ಈಚೆಗೆ ಕೇಳಿದ ಸೆಷನ್‌ನಲ್ಲಿ ನಾಲ್ವರ ತಂಡ ಕೋಟೆ ಬಾಗಿಲಲ್ಲಿ ನಿಂತಿತ್ತು. ಒಬ್ಬಳು ಆಟಗಾರ್ತಿ, "ಕಾವಲುಗಾರನಿಗೆ ನನ್ನ ಬುತ್ತಿಯ ರೊಟ್ಟಿ ಕೊಟ್ಟು ಮಾತಿಗೆ ಎಳೀತೀನಿ" ಅಂದಳು. "ದಾಳ ಹಾಕು" ಅಂದ ಗೇಮ್ ಮಾಸ್ಟರ್. ಇಪ್ಪತ್ತು ಮುಖದ ದಾಳದಲ್ಲಿ ನಾಲ್ಕು ಬಿತ್ತು. "ಅವನು ಒಪ್ಪಲ್ಲ." ಇನ್ನೊಬ್ಬ ಹೆದರಿಸಲು ಹೋದ, ಏಳು ಬಿತ್ತು, "ಒಪ್ಪಲ್ಲ." ಮೂರನೆಯವನು ಲಂಚ ಕೊಡಲು ಹೋದ, ಹದಿನೇಳು ಬಿತ್ತು, ಬಾಗಿಲು ತೆರೆಯಿತು. ಹನ್ನೊಂದು ನಿಮಿಷ ಹೋಯಿತು. ರೊಟ್ಟಿ ಏನಾಯಿತೋ ಯಾರಿಗೂ ಗೊತ್ತಿಲ್ಲ. ಹೆದರಿಸಿದ್ದಕ್ಕೆ ಕಾವಲುಗಾರನಿಗೆ ಸಿಟ್ಟೂ ಬರಲಿಲ್ಲ. ಮೊದಲ ಇಬ್ಬರು ಬಾಯಿ ತೆರೆಯದಿದ್ದರೂ ಕತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಅದೇ ನಾಲ್ಕನ್ನು ಬೇರೆ ರೀತಿ ನೋಡಿ. ಕಾವಲುಗಾರ ರೊಟ್ಟಿ ತೆಗೆದುಕೊಳ್ಳುತ್ತಾನೆ. ಬುತ್ತಿ ಕಟ್ಟಿದ ಬಟ್ಟೆಯ ಅಂಚಿನ ಮುದ್ರೆಯ ಮೇಲೆ ಅವನ ಕಣ್ಣು ಬೀಳುತ್ತದೆ. "ಈ ಬಟ್ಟೆ ನಿನಗೆಲ್ಲಿ ಸಿಕ್ತು?" ದಾಳ ಸೋತಿದೆ, ಬಾಗಿಲೂ ತೆರೆದಿಲ್ಲ. ಆದರೆ ಅವಳು ಆಡಿದ ಮಾತಿಗೆ ಬೆಲೆ ಬಂತು, ಮುಂದಿನ ಆಟಗಾರನಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಕ್ಕಿತು. ತಾಳಮದ್ದಳೆ ಕೇಳುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಎದುರಿನ ಅರ್ಥಧಾರಿ ಆಡಿದ ಮಾತನ್ನು ಹಿಡಿದು ಉತ್ತರ ಕೊಟ್ಟರೋ, ತಾವು ಕಟ್ಟಿಕೊಂಡು ಬಂದದ್ದನ್ನೇ ಒಪ್ಪಿಸಿದರೋ ಎಂಬುದು ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಹಾಗೆಂದು ಎಲ್ಲವನ್ನೂ ಗೇಮ್ ಮಾಸ್ಟರ್‌ನ ತಲೆಗೆ ಕಟ್ಟಬಾರದು. ಯಾವ ಆಟ ಎಂಬುದನ್ನು ಮೊದಲು ನೋಡಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಇಪ್ಪತ್ತು ಮುಖದ ದಾಳ ಗೊತ್ತುಮಾಡಿದ ಸಂಖ್ಯೆ ಮುಟ್ಟಿದರೆ ಗೆಲುವು. ಸೋತರೆ ಏನಾಗಬೇಕು ಎಂಬುದನ್ನು ಬಹುಮಟ್ಟಿಗೆ ಆಡಿಸುವವರ ಕೈಗೇ ಬಿಟ್ಟಿದೆ. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟದಲ್ಲಿ ಹಾಗಿಲ್ಲ. ಎರಡು ಆರು ಮುಖದ ದಾಳ ಹಾಕಿ, ಪಾತ್ರದ ಅಂಕ ಸೇರಿಸಿ, ಹತ್ತು ಅಥವಾ ಹೆಚ್ಚಾದರೆ ಪೂರ್ತಿ ಗೆಲುವು. ಏಳರಿಂದ ಒಂಬತ್ತಾದರೆ ಸಾಮಾನ್ಯವಾಗಿ ಏನಾದರೂ ಬೆಲೆ ತೆತ್ತು ಗೆಲುವು. ಆರು ಅಥವಾ ಕಡಿಮೆಯಾದರೆ ಕತೆಯನ್ನು ಮುಂದೆ ತಳ್ಳುವ ನಡೆ ಆಡಿಸುವವರದು. ಅಲ್ಲಿ ಆಡಿಸುವವರು ದಾಳವನ್ನೇ ಮುಟ್ಟುವುದಿಲ್ಲ. "ಏನೂ ಆಗಲಿಲ್ಲ" ಅನ್ನಲು ಆ ನಿಯಮವೇ ಎಡೆ ಕೊಡುವುದಿಲ್ಲ. ಹಾಗಾಗಿ ಎರಡೂ ಆಟದ ರೆಕಾರ್ಡಿಂಗ್‌ಗಳನ್ನು ಒಂದೇ ತಕ್ಕಡಿಯಲ್ಲಿಟ್ಟರೆ ನಿಯಮದ ಗುಣವನ್ನು ಮನುಷ್ಯರ ಗುಣವೆಂದು ತಪ್ಪು ತಿಳಿಯುತ್ತೇವೆ.

ಇನ್ನೊಂದು ತಪ್ಪು ತಕ್ಕಡಿ ಇದೆ. 2015ರ ಮಾರ್ಚ್‌ನಲ್ಲಿ ಇಂಥ ಆಟ ಆಡುವುದನ್ನೇ ತೋರಿಸುವ ಕ್ರಿಟಿಕಲ್ ರೋಲ್ ಎಂಬ ಕಾರ್ಯಕ್ರಮದ ಪ್ರಸಾರ ಶುರುವಾದ ಮೇಲೆ ಲಕ್ಷಾಂತರ ಜನ ಮ್ಯಾಥ್ಯೂ ಮರ್ಸರ್ ಆಡಿಸುವುದನ್ನು ನೋಡಿದರು. ಅವರೂ ಸುತ್ತ ಕೂತವರೂ ಕಂಠದಾನವನ್ನೇ ವೃತ್ತಿ ಮಾಡಿಕೊಂಡ ನಟರು. ಅದನ್ನು ನೋಡಿ ಬಂದವರು ಮನೆಯ ಮೇಜಿನಲ್ಲೂ ಅದೇ ಬೇಕೆಂದು ಬಯಸುವುದಕ್ಕೆ ಆಟದ ಬಳಗದಲ್ಲಿ 'ಮರ್ಸರ್ ಎಫೆಕ್ಟ್' ಎಂಬ ಹೆಸರೇ ಬಿದ್ದಿದೆ. ಕೆಲವು ಕಾರ್ಯಕ್ರಮಗಳು ಎಡಿಟ್ ಆಗಿ ಬರುತ್ತವೆ, ನಿಯಮದ ಪುಸ್ತಕ ತಿರುವಿ ಹಾಕಿದ ಹೊತ್ತು, ತಡವರಿಸಿದ ಮಾತು ಅಲ್ಲಿ ಕತ್ತರಿಗೆ ಸಿಕ್ಕಿರುತ್ತದೆ. ಅದಕ್ಕೆ ಹೋಲಿಸಿ, ದಿನದ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಆಡಿಸಲು ಕೂತವರ ತಡವರಿಕೆಗೆ ಅಂಕ ಕಳೆಯುವುದು ಅನ್ಯಾಯ. ನಾನು ಎಂದೂ ಕಳೆಯುವುದಿಲ್ಲ.

ಕಿವಿಗೆ ತಪ್ಪಿದ್ದನ್ನು ಕಣ್ಣು ಹಿಡಿಯುವುದೂ ಉಂಟು. ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಆಡುವವರು ಒಬ್ಬೊಬ್ಬರ ದನಿಯನ್ನೂ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಬಹುದು. ಆಡಾಸಿಟಿ ಎಂಬ ಆಡಿಯೋ ತಂತ್ರಾಂಶದಲ್ಲಿ ತೆರೆದರೆ ಟ್ರ್ಯಾಕ್‌ಗಳು ದನಿಯ ಗೆರೆಗಳಾಗಿ ಒಂದರ ಕೆಳಗೊಂದು ಸಾಲಾಗಿ ಕೂರುತ್ತವೆ. ಕೋಟೆ ಬಾಗಿಲಿನ ಆ ಸೆಷನ್‌ನಲ್ಲಿ ರೊಟ್ಟಿ ಕೊಟ್ಟ ಹುಡುಗಿಯ ಟ್ರ್ಯಾಕ್ ಅದಾದ ಮೇಲೆ ನಲವತ್ತು ನಿಮಿಷ ನೇರ ಗೆರೆ. ಕೇಳುತ್ತ ಹೋದಾಗ ನನಗೂ ಅದು ಹೊಳೆದಿರಲಿಲ್ಲ. ಗಲಗಲ ಮಾತಾಡುವ ಮೂವರಿದ್ದರೆ ಮೇಜು ಚೆನ್ನಾಗಿ ನಡೆದಂತೆಯೇ ಕೇಳಿಸುತ್ತದೆ. ಕೆಲವರು ಸುಮ್ಮನೆ ಕೂತು ಸವಿಯುವವರೂ ಇರುತ್ತಾರೆ, ಆದ್ದರಿಂದ ಮೌನ ಕಂಡ ಕೂಡಲೇ ದೂರುವುದಿಲ್ಲ. ಆದರೆ ಅವಳ ಗೆರೆಯ ನಡುವೆ ಎರಡು ಕಡೆ ಪುಟ್ಟ ಏರಿಳಿತಗಳಿದ್ದವು. ದನಿ ಏರಿಸಿ ಕೇಳಿದೆ. ಎರಡೂ ಸಲ "ನಾನು..." ಎಂದು ಶುರುಮಾಡಿ ನಿಲ್ಲಿಸಿದ್ದಳು.

ನನ್ನ ಹಳೆಯ ರೆಕಾರ್ಡಿಂಗ್‌ಗಳಲ್ಲೂ ಇಂಥ ಅರ್ಧ ಮಾತುಗಳಿವೆ. ಆಡಿಸುವಾಗ ಒಂದೂ ನನ್ನ ಕಿವಿಗೆ ಬಿದ್ದಿರಲಿಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ರೆಕಾರ್ಡಿಂಗ್ ಹೇಳದ ಸಂಗತಿಗಳೂ ಇವೆ. ಗೇಮ್ ಮಾಸ್ಟರ್ ತನ್ನ ಮುಂದಿಟ್ಟುಕೊಳ್ಳುವ ಪರದೆಯ ಹಿಂದೆ ಉರುಳಿದ ದಾಳದಲ್ಲಿ ಏನು ಬಿತ್ತು ಎಂಬುದು ಆಡಿಯೋದಲ್ಲಿ ಸಿಗುವುದಿಲ್ಲ, ಅದರ ಮೇಲೆ ತೀರ್ಪು ಕೊಡುವುದಿಲ್ಲ. ಆಟಗಾರರು ಯಾವ ದಾರಿ ಹಿಡಿದರೂ ಅದೇ ಗುಹೆ ಎದುರಾಗುತ್ತಿತ್ತೇ ಎಂಬುದು ಒಂದು ಸೆಷನ್ ಕೇಳಿದರೆ ತಿಳಿಯುವುದಿಲ್ಲ. ಅದಕ್ಕೇ ಕನಿಷ್ಠ ಮೂರು ಸೆಷನ್, ಅದರಲ್ಲೊಂದು ಕೆಟ್ಟುಹೋದದ್ದು, ಕೊಡಿ ಎಂದು ಕೇಳುತ್ತೇನೆ.

ಆ ಗೇಮ್ ಮಾಸ್ಟರ್‌ಗೆ ನಾನು ಬರೆದು ಕಳಿಸಿದ್ದು ರೊಟ್ಟಿಯ ಸಂಗತಿ, ಆ ಎರಡು "ನಾನು..."ಗಳ ನಿಮಿಷ ಸೆಕೆಂಡು, ಇಷ್ಟೇ. ಮುಂದಿನ ತಿಂಗಳು ಹೊಸ ರೆಕಾರ್ಡಿಂಗ್ ಬಂತು. ವರ್ಣನೆ ಮೊದಲಿಗಿಂತ ಸಪ್ಪೆ. ಒಂದು ಗಂಟೆ ಹತ್ತನೇ ನಿಮಿಷದಲ್ಲಿ ಮೂವರು ಜೋರಾಗಿ ವಾದಿಸುತ್ತಿದ್ದಾಗ ಆತ, "ಒಂದ್ನಿಮಿಷ, ಅವಳು ಏನೋ ಹೇಳ್ತಿದ್ದಳು" ಅಂದ. ಏಳು ಸೆಕೆಂಡು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು, "ನಾನು ವಾಪಸ್ ಕೋಟೆ ಬಾಗಿಲಿಗೆ ಹೋಗ್ತೀನಿ, ಆ ಕಾವಲುಗಾರನ ಹೆಸರು ಕೇಳ್ಬೇಕು" ಅಂದಳು.