ತಡೆಯುವವರಿಗೆ ಎಂವಿಪಿ ಸಿಗಲ್ವಾ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎಂವಿಪಿ (ಅತ್ಯಮೂಲ್ಯ ಆಟಗಾರ) ಪ್ರಶಸ್ತಿ ಯಾವಾಗ ನೋಡಿದರೂ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೇ ಹೋಗುತ್ತೆ. ಡಿಫೆನ್ಸ್ ಆಟಗಾರರಿಗೆ ಯಾವತ್ತಾದರೂ ಸಿಕ್ಕಿದೆಯಾ?

ಉತ್ತರ: ಸಿಕ್ಕಿದೆ. ಆದರೆ ಎರಡೇ ಸಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕೊಡುವ ಈ ಪ್ರಶಸ್ತಿ 1971ರಲ್ಲಿ ಅಲನ್ ಪೇಜ್‌ಗೆ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಹೋಯಿತು. ಟೇಲರ್ ಹೆಸರನ್ನು ಆಟ ನೋಡುವವರು ಕೇಳಿರುತ್ತಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಪೇಜ್ ಬಗ್ಗೆ.

ಕಬಡ್ಡಿಯಲ್ಲೂ ರೈಡರ್ ಹೆಸರೇ ತಾನೇ ಮೊದಲು ಬಾಯಿಗೆ ಬರುವುದು? ಇಲ್ಲೂ ಹಾಗೇ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ, ಕ್ಯಾಮೆರಾ ಚೆಂಡಿನ ಹಿಂದೆ. ಪೇಜ್ ನಿಲ್ಲುತ್ತಿದ್ದದ್ದು ಸಾಲಿನ ನಟ್ಟನಡುವೆ, ಡಿಫೆನ್ಸಿವ್ ಟ್ಯಾಕಲ್ ಜಾಗದಲ್ಲಿ. ಬಗ್ಗಿ, ಒಂದು ಕೈ ನೆಲಕ್ಕೂರಿ ಕಾಯಬೇಕು. ಮೂಗಿನ ಎದುರಿಗೇ ದಾರಿ ಕಟ್ಟಲು ಒಬ್ಬ ದಢೂತಿ. ಅಲ್ಲಿ ಸಾಮಾನ್ಯವಾಗಿ ಗೆಲ್ಲುವುದು ತೂಕ. ಪೇಜ್ ಗೆದ್ದದ್ದು ಮೊದಲ ಹೆಜ್ಜೆಯಿಂದ. ಚೆಂಡು ಅಲುಗಿತೋ ಇಲ್ಲವೋ, ಎದುರಿನವನು ಮೈ ಎತ್ತುವಷ್ಟರಲ್ಲಿ ಪೇಜ್ ಅವನ ಭುಜ ದಾಟಿ ಒಳಗೆ.

ತಮಾಷೆ ನೋಡಿ, ಅಧಿಕೃತ ದಾಖಲೆಯಲ್ಲಿ ಪೇಜ್ ಹೆಸರಲ್ಲಿ ಒಂದೂ ಸ್ಯಾಕ್ ಇಲ್ಲ! ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಕೆಡವಿದರೆ ಅದು ಸ್ಯಾಕ್. ಅದನ್ನು ಎನ್‌ಎಫ್‌ಎಲ್ ಲೆಕ್ಕ ಇಡಲು ಶುರುಮಾಡಿದ್ದು 1982ರಲ್ಲಿ. ಪೇಜ್ ಆಟ ಬಿಟ್ಟದ್ದು 1981ರಲ್ಲಿ. ಆಮೇಲೆ ಸಂಶೋಧಕರು ಹಳೇ ದಾಖಲೆ ಕೆದಕಿ ಕೊಟ್ಟ ಲೆಕ್ಕ 148.5.

ಹುಟ್ಟಿದ್ದು 1945ರಲ್ಲಿ, ಓಹಾಯೋದ ಕ್ಯಾಂಟನ್‌ನಲ್ಲಿ. ಅದೇ ಊರಲ್ಲಿ ದಿಗ್ಗಜ ಆಟಗಾರರನ್ನು ಗೌರವಿಸುವ ಫುಟ್‌ಬಾಲ್ ಹಾಲ್ ಆಫ್ ಫೇಮ್ ಕಟ್ಟಡ ಏಳುತ್ತಿದ್ದಾಗ ಹುಡುಗ ಅಲನ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಬಂತು. ಆ ಸಮಾರಂಭದಲ್ಲಿ ಆಟಗಾರನನ್ನು ಪರಿಚಯಿಸುವುದು ಸಾಮಾನ್ಯವಾಗಿ ಕೋಚೋ ಜೊತೆಗಾರನೋ. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಒಬ್ಬ ಶಾಲಾ ಮುಖ್ಯಸ್ಥೆಯನ್ನು. ಮಾತಾಡಿದ್ದೂ ಆಟಕ್ಕಿಂತ ಓದಿನ ಬಗ್ಗೆಯೇ ಜಾಸ್ತಿ.

ನೋಟರ್ ಡೇಮ್‌ನಲ್ಲಿ ಓದು ಮುಗಿಸಿ 1967ರಲ್ಲಿ ಮಿನೆಸೋಟ ವೈಕಿಂಗ್ಸ್ ತಂಡ ಸೇರಿದರು. ನಾಲ್ಕು ಸಲ ಸೂಪರ್ ಬೌಲ್ ಫೈನಲ್ ಮುಟ್ಟಿದರು, ನಾಲ್ಕೂ ಸೋತರು. ಈ ನಡುವೆ ಲಾ ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು. ಮತ್ತೆ ಸೇರಿದರು. ಆಡುತ್ತಲೇ ಓದಿ 1978ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಿಂದ ಪದವಿ ಪಡೆದರು.

ಅದೇ ವರ್ಷ ಕೆಲಸ ಹೋಯಿತು. ಕಾರಣ ಓಟ! ಹೆಂಡತಿ ಡಯೇನ್ ಸಿಗರೇಟು ಬಿಡಲೆಂದು ಓಡಲು ಶುರುಮಾಡಿದರು, ಗಂಡನೂ ಜೊತೆಗೂಡಿದರು. ಹುಚ್ಚು ಹತ್ತಿತು, ಮೈ ಇಳಿಯಿತು. ಇಷ್ಟು ಸಣ್ಣಗಾದರೆ ಸಾಲಿನ ನಡುವೆ ನಿಲ್ಲುವುದು ಹೇಗೆ ಅಂತ ತಂಡ ಸೀಸನ್ ಮಧ್ಯದಲ್ಲೇ ಕೈಬಿಟ್ಟಿತು. ಶಿಕಾಗೋ ಬೇರ್ಸ್ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. ಮಾಜಿ ಎಂವಿಪಿಗೆ ನೂರು ಡಾಲರ್! ಮುಂದಿನ ವರ್ಷ ಅವರು ಮ್ಯಾರಥಾನ್ ಓಡಿ ಮುಗಿಸಿದರು. ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ಹಾಗೆ ಓಡಿದವರಲ್ಲಿ ಅವರೇ ಮೊದಲಿಗರು. ಬೇರ್ಸ್‌ಗೆ 1981ರವರೆಗೂ ಆಡಿದರು.

ಆಮೇಲೆ ವಕೀಲಿಕೆ, ಮಿನೆಸೋಟ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಕೆಲಸ. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟ್‌ಗೆ ಜನ ಮತ ಹಾಕಿ ಜಡ್ಜ್‌ಗಳನ್ನು ಆರಿಸುತ್ತಾರೆ. 1992ರಲ್ಲಿ ಹಾಗೆ ಗೆದ್ದ ಪೇಜ್, ಆ ಕೋರ್ಟಿನ ಮೊದಲ ಕಪ್ಪು ವರ್ಣದ ನ್ಯಾಯಮೂರ್ತಿ. 70 ತುಂಬಿದರೆ ನಿವೃತ್ತಿ ಕಡ್ಡಾಯ, ಹಾಗಾಗಿ 2015ರಲ್ಲಿ ಇಳಿದರು.

2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಗೆ ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್ ಅಂತ ಹೆಸರಿಟ್ಟರು. ಆದರೆ ಅವರು ಶಾಲೆಗಳಿಗೆ ಹೋದಾಗ ಮಕ್ಕಳ ಕಣ್ಣು ಮೊದಲು ಬೀಳುವುದು ಅವರ ಕಿರುಬೆರಳಿನ ಮೇಲೆ. ಆಡುವಾಗ ಮತ್ತೆ ಮತ್ತೆ ಕೀಲು ತಪ್ಪಿದ ಆ ಬೆರಳು ಈಗ ಕೈಯಿಂದ ಅಡ್ಡಡ್ಡ ಚಾಚಿಕೊಂಡಿದೆ. ಮಗಳ ಜೊತೆ ಸೇರಿ ಅದರ ಮೇಲೇ ಒಂದು ಮಕ್ಕಳ ಕಥೆಯನ್ನೂ ಬರೆದಿದ್ದಾರೆ.